ಡೆಬಿಯನ್ ಹಾಕಿದ ಮೇಲೆ ಸುಡೊ ನಡೆಯುತ್ತಿಲ್ಲವೇಕೆ? ಮತ್ತೆರಡು ತೊಡಕುಗಳು

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಶಾಲೆಯ ಹಳೆಯ ಕಂಪ್ಯೂಟರಿಗೆ ಡೆಬಿಯನ್ 12 (ಲಿನಕ್ಸಿನ ಒಂದು ರೂಪ) ಹಾಕಿದ್ದೇನೆ. ಆದರೆ ನಿರ್ವಾಹಕರ ಅಧಿಕಾರದಲ್ಲಿ ಕೆಲಸ ಮಾಡಿಸುವ ಸುಡೊ (sudo) ಸೇರಿಸಿ ಯಾವ ಕಮಾಂಡ್ ಕೊಟ್ಟರೂ ನನ್ನ ಹೆಸರು ಆ ಅಧಿಕಾರ ಉಳ್ಳವರ ಪಟ್ಟಿಯಾದ ಸುಡೋಯರ್ಸ್ ಫೈಲಿನಲ್ಲಿ ಇಲ್ಲವೆಂಬ ಸಂದೇಶ ಬರುತ್ತದೆ. ಇನ್ನೊಂದು ಲಿನಕ್ಸ್ ಆದ ಉಬುಂಟುವಿನಲ್ಲಿ ಹೀಗಾಗಿರಲಿಲ್ಲ. ಮೊದಲಿನಿಂದ ಇನ್‌ಸ್ಟಾಲ್ ಮಾಡಬೇಕೇ?

ಉತ್ತರ: ನಮಸ್ಕಾರ ಮೇಡಂ, ಅದರ ಅಗತ್ಯವಿಲ್ಲ. ಇನ್‌ಸ್ಟಾಲರ್ ರೂಟ್ (ಎಲ್ಲ ಅಧಿಕಾರವಿರುವ ನಿರ್ವಾಹಕ ಖಾತೆ) ಪಾಸ್‌ವರ್ಡ್ ಕೇಳಿದಾಗ ನೀವು ಒಂದು ಪಾಸ್‌ವರ್ಡ್ ಕೊಟ್ಟಿರುತ್ತೀರಿ. ಹಾಗೆ ಕೊಟ್ಟರೆ ಡೆಬಿಯನ್ ರೂಟ್ ಖಾತೆಯನ್ನು ಬಳಕೆಗೆ ತೆರೆದಿಟ್ಟು, ನಿಮ್ಮ ಖಾತೆಯನ್ನು ವಿಶೇಷ ಅಧಿಕಾರವಿಲ್ಲದ ಸಾಮಾನ್ಯ ಖಾತೆಯಾಗಿ ಸೃಷ್ಟಿಸುತ್ತದೆ. ಆ ಜಾಗವನ್ನು ಖಾಲಿ ಬಿಟ್ಟರೆ ಮಾತ್ರ ರೂಟ್ ಖಾತೆಗೆ ಬೀಗ ಹಾಕಿ, ಮೊದಲ ಬಳಕೆದಾರರನ್ನು ಸುಡೊ ಗುಂಪಿಗೆ ಸೇರಿಸುತ್ತದೆ. ಈ ವಿಷಯ ಅದೇ ಪುಟದಲ್ಲಿ ಬರೆದಿರುತ್ತದೆ. ಆದರೆ ಪಾಸ್‌ವರ್ಡ್ ಕೇಳಿದಲ್ಲಿ ಖಾಲಿ ಬಿಡಬಾರದೆಂದು ಕಲಿತವರು ಅದನ್ನು ಓದದೆಯೇ ಮುಂದೆ ಹೋಗುವುದು ಸಹಜ.

ಸರಿಪಡಿಸಲು ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪಿಸುವ ಕಿಟಕಿ) ಎಸ್‌ಯು (su) ಎಂದು ಟೈಪಿಸಿ, ಒಂದು ಸ್ಪೇಸ್ ಬಿಟ್ಟು ಹೈಫನ್ ಹಾಕಿ ಎಂಟರ್ ಒತ್ತಿ, ರೂಟ್ ಪಾಸ್‌ವರ್ಡ್ ಕೊಡಿ. ಬಳಿಕ ಆಡ್‌ಯೂಸರ್ (adduser), ನಿಮ್ಮ ಲಾಗಿನ್ ಹೆಸರು, ಸುಡೊ ಎಂಬ ಮೂರನ್ನು ಇದೇ ಕ್ರಮದಲ್ಲಿ ಒಂದೇ ಸಾಲಿನಲ್ಲಿ ಕೊಟ್ಟು, ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಿ. ದಯವಿಟ್ಟು ಹೈಫನ್ ಬಿಡಬೇಡಿ. 2019ರಲ್ಲಿ ಬಂದ ಡೆಬಿಯನ್ 10ರಿಂದೀಚೆಗೆ, ಹೈಫನ್ ಇಲ್ಲದೆ ರೂಟ್ ಆದರೆ ಸಾಮಾನ್ಯ ಬಳಕೆದಾರರ ಪಾತ್ (ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಹಾಗೆಯೇ ಉಳಿಯುತ್ತದೆ. ಅದರಲ್ಲಿ ನಿರ್ವಾಹಕರ ಕಮಾಂಡ್‌ಗಳಿರುವ ಎಸ್‌ಬಿನ್ (sbin) ಫೋಲ್ಡರ್ ಸೇರಿರುವುದಿಲ್ಲವಾದ್ದರಿಂದ, ಆಡ್‌ಯೂಸರ್ ಎಂಬ ಕಮಾಂಡೇ ಸಿಗಲಿಲ್ಲವೆಂಬ ಉತ್ತರ ಬಂದು ನೀವು ಇನ್ನಷ್ಟು ಗೊಂದಲಕ್ಕೆ ಬೀಳುತ್ತೀರಿ.

ಇನ್ನೊಬ್ಬ ಸದಸ್ಯರು: ಸರ್, ಡೆಬಿಯನ್ ಇನ್‌ಸ್ಟಾಲರಿನಲ್ಲಿ ಕನ್ನಡ ಇದೆ ಎನ್ನುತ್ತಾರೆ, ನನಗೆ ಪಟ್ಟಿಯಲ್ಲಿ ಕಾಣಲಿಲ್ಲ.

ಉತ್ತರ: ಬೂಟ್ ಮೆನುವಿನಲ್ಲಿ ನೀವು ಗ್ರಾಫಿಕಲ್ ಇನ್‌ಸ್ಟಾಲ್ ಬದಲು ಬರೀ ಇನ್‌ಸ್ಟಾಲ್ ಎಂಬುದನ್ನು ಆರಿಸಿರಬೇಕು. ಲಿನಕ್ಸಿನ ಪಠ್ಯ ಕನ್ಸೋಲ್‌ನ ಫಾಂಟಿನಲ್ಲಿ ಹೆಚ್ಚೆಂದರೆ 512 ಚಿಹ್ನೆಗಳಿಗೆ ಮಾತ್ರ ಜಾಗವಿದ್ದು, ಗುಣಿತ, ಒತ್ತಕ್ಷರಗಳನ್ನು ಜೋಡಿಸುವ ವ್ಯವಸ್ಥೆಯೂ ಅಲ್ಲಿಲ್ಲ. ಹಾಗಾಗಿ ಕನ್ನಡ, ತೆಲುಗು, ತಮಿಳು, ಹಿಂದಿ ಭಾಷೆಗಳು ಗ್ರಾಫಿಕಲ್ ಇನ್‌ಸ್ಟಾಲರಿನಲ್ಲಿ ಮಾತ್ರ ಸಿಗುತ್ತವೆ. ಕನ್ನಡವನ್ನು ಅಗತ್ಯವಾಗಿ ಆರಿಸಿ, ಆದರೆ ಪಾಸ್‌ವರ್ಡ್‌ಗಳನ್ನು ಇಂಗ್ಲಿಷ್ ಕೀಲಿಗಳಲ್ಲೇ ಕೊಡಿ.

ಮತ್ತೊಬ್ಬ ಸದಸ್ಯರು: ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಚೆನ್ನಾಗಿ ನಡೆಯುತ್ತಿದೆ, ಲಿನಕ್ಸ್ ಇನ್‌ಸ್ಟಾಲರಿಗೆ ಮಾತ್ರ ಎಸ್‌ಎಸ್‌ಡಿಯೇ ಕಾಣುತ್ತಿಲ್ಲ.

ಉತ್ತರ: ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟ) ಸ್ಟೋರೇಜ್ ಸೆಟ್ಟಿಂಗ್ ಇಂಟೆಲ್ ಆರ್‌ಎಸ್‌ಟಿ (RST) ಅಥವಾ ರೇಯ್ಡ್ (RAID) ಎಂದಿದೆಯೇ ನೋಡಿ, ಅದನ್ನು ಡಿಸ್ಕ್ ಜೊತೆ ಮಾತಾಡುವ ಸಾಮಾನ್ಯ ವಿಧಾನವಾದ ಎಎಚ್‌ಸಿಐ (AHCI) ಮಾಡಬೇಕಾಗುತ್ತದೆ. ಆದರೆ ನೇರವಾಗಿ ಬದಲಾಯಿಸಿದರೆ ವಿಂಡೋಸ್ ಬೂಟ್ ಆಗದೆ ನೀಲಿ ಪರದೆಯಲ್ಲಿ ನಿಲ್ಲಬಹುದು. ಆದ್ದರಿಂದ ಮೊದಲು ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಗೂಢಲಿಪೀಕರಣ) ರಿಕವರಿ ಕೀಲಿಯನ್ನು ಬೇರೆಡೆ ಬರೆದಿಟ್ಟುಕೊಳ್ಳಿ, ವಿಂಡೋಸಿನ ಎಂಎಸ್‌ಕಾನ್ಫಿಗ್ (msconfig) ಎಂಬ ಸೆಟ್ಟಿಂಗ್ ಉಪಕರಣದಲ್ಲಿ ಸೇಫ್ ಬೂಟ್ ಆರಿಸಿ, ರೀಸ್ಟಾರ್ಟ್ ಆಗುವಾಗ ಬಯಾಸ್‌ಗೆ ಹೋಗಿ ಎಎಚ್‌ಸಿಐ ಮಾಡಿ. ವಿಂಡೋಸ್ ಒಮ್ಮೆ ಸೇಫ್ ಮೋಡ್‌ನಲ್ಲಿ ತೆರೆದುಕೊಂಡರೆ ಅದಕ್ಕೆ ಬೇಕಾದ ಡ್ರೈವರ್ ಸಿದ್ಧವಾಗುತ್ತದೆ. ಆಮೇಲೆ ಸೇಫ್ ಬೂಟ್ ಗುರುತನ್ನು ತೆಗೆದು, ವಿಂಡೋಸ್ ಸಹಜವಾಗಿ ತೆರೆಯುವುದನ್ನು ಖಚಿತಪಡಿಸಿಕೊಂಡ ನಂತರವೇ ಲಿನಕ್ಸಿನ ಪೆನ್‌ಡ್ರೈವ್ ಹಾಕಿ.