ತೊಗರಿ ಮಾರಿದ ಹಣಕ್ಕೆ ಬೆಳ್ಳಿ: ಗಟ್ಟಿಯೋ, ನಾಣ್ಯವೋ, ಗೆಜ್ಜೆಯೋ?

ಚಿತ್ತಾಪುರದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಚಿತ್ತಾಪುರ ತಾಲ್ಲೂಕಿನಲ್ಲಿ ಶಾಲಾ ಶಿಕ್ಷಕಿ. ಮನೆಯಲ್ಲಿ ತೊಗರಿ ಬೇಸಾಯವಿದೆ. ಈ ಸಲದ ತೊಗರಿಯನ್ನು ಕಲಬುರಗಿ ಗಂಜ್‌ನಲ್ಲಿ ಮಾರಿ, ಗೊಬ್ಬರದ ಅಂಗಡಿಯ ಬಾಕಿ ತೀರಿಸಿದ ಮೇಲೆ ಒಂದು ಲಕ್ಷ ರೂಪಾಯಿ ಉಳಿದಿದೆ. ಮಗಳು ಪಿಯುಸಿ ಓದುತ್ತಿದ್ದಾಳೆ. ಅವಳ ಹೆಸರಿನಲ್ಲಿ ಬೆಳ್ಳಿ ಕೊಂಡಿಡಬೇಕೆಂಬ ಆಸೆ.

ಯಜಮಾನರು ಗೆಜ್ಜೆ, ತಟ್ಟೆ, ಲಿಂಗದ ಕರಡಿಗೆ ಮಾಡಿಸೋಣ, ಬಳಕೆಗೂ ಬರುತ್ತದೆ ಎನ್ನುತ್ತಾರೆ. ತಮ್ಮ ನಾಣ್ಯವೇ ಒಳ್ಳೆಯದು ಎನ್ನುತ್ತಾನೆ. ಬೀದರಿನಲ್ಲಿರುವ ಚಿಕ್ಕಮ್ಮ ಬಿದ್ರಿ ಹೂಜಿ ತೆಗೆದುಕೋ, ಅದರಲ್ಲೂ ಬೆಳ್ಳಿಯೇ ಇರುತ್ತದೆ ಎಂದರು. ಸರಾಫ್ ಬಜಾರಿನಲ್ಲಿ ವಿಚಾರಿಸಿದೆ. ಇವತ್ತಿನ ದರವನ್ನು ಎಲ್ಲರೂ ಥಟ್ಟನೆ ಹೇಳುತ್ತಾರೆ. ತಿರುಗಿ ತಂದರೆ ಎಷ್ಟು ಕೊಡುತ್ತೀರಿ ಎಂದರೆ ಮಾತ್ರ "ಆಗ ನೋಡೋಣ ಅಕ್ಕ" ಎನ್ನುತ್ತಾರೆ. ನನಗೆ ಬೇಕಾಗಿರುವುದು ಆ ಉತ್ತರವೇ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಬೀದರ್ ಪತ್ತಾರ

ಅಕ್ಕ, ಸರಿಯಾದ ಪ್ರಶ್ನೆಯನ್ನೇ ಕೇಳಿದ್ದೀರಿ. ನಮ್ಮದು ಪತ್ತಾರ, ಅಂದರೆ ಅಕ್ಕಸಾಲಿಗ ಮನೆತನ. ನಾನೀಗ ಹೆಚ್ಚಾಗಿ ಹಳೆಯ ಬೆಳ್ಳಿ ಕರಗಿಸಿ ಟಂಚ್, ಅಂದರೆ ಶುದ್ಧತೆ, ನೋಡುವ ಕೆಲಸದಲ್ಲಿದ್ದೇನೆ. ಹಾಗಾಗಿ ಕೊಳ್ಳಲು ಬಂದವರಿಗಿಂತ ಮಾರಲು ಬಂದವರ ಮುಖಗಳನ್ನೇ ಹೆಚ್ಚು ನೋಡಿದ್ದೇನೆ. ಮಾರುವಾಗ ನೊಂದುಕೊಳ್ಳುವವರೆಲ್ಲ ಗೆಜ್ಜೆ, ತಟ್ಟೆ ತಂದವರು. ಗಟ್ಟಿ ತಂದವರು ಲೆಕ್ಕ ಕೇಳಿ, ಹಣ ಎಣಿಸಿಕೊಂಡು ಹೋಗುತ್ತಾರೆ.

ಕಾರಣ ಸರಳವಾಗಿದೆ. ಗೆಜ್ಜೆಗೆ ನೀವು ಕೊಡುವ ಮಜೂರಿ (ಮಾಡಿದ ಕೂಲಿ) ಅಂಗಡಿಯ ಮೆಟ್ಟಿಲು ಇಳಿದ ಕ್ಷಣಕ್ಕೇ ಹೋಯಿತು, ಅದು ತಿರುಗಿ ಬರುವುದಿಲ್ಲ. ಅದರ ಮೇಲೆ ಗೆಜ್ಜೆಯಲ್ಲಿ ತಾಮ್ರ ಬೆರೆತಿರುತ್ತದೆ, ಬೆಸುಗೆ ಇರುತ್ತದೆ. ಕೊಳ್ಳುವಾಗ ಪೂರ್ತಿ ತೂಕಕ್ಕೆ ಹಣ ಕೊಟ್ಟಿರುತ್ತೀರಿ, ಮಾರುವಾಗ ಕರಗಿಸಿ ಉಳಿದ ಶುದ್ಧ ಬೆಳ್ಳಿಗಷ್ಟೇ ಹಣ ಸಿಗುತ್ತದೆ. 925 ಮುದ್ರೆಯಿದ್ದರೆ ನೂರು ಗ್ರಾಂನಲ್ಲಿ ತೊಂಬತ್ತೆರಡೂವರೆ ಗ್ರಾಂ ಬೆಳ್ಳಿ. ಮುದ್ರೆಯೇ ಇಲ್ಲದ ಮಾಲಿನಲ್ಲಿ ಎಷ್ಟಿದೆ ಎಂಬುದನ್ನು ಕುಲುಮೆಯೇ ಹೇಳಬೇಕು. ನೋಡಲು ಎಲ್ಲವೂ ಒಂದೇ ಬಿಳುಪು. ಕರಡಿಗೆ ಮಾಡಿಸಿ, ಅದು ಮೈಮೇಲೆ ಇರಬೇಕಾದ ವಸ್ತು. ಆದರೆ ಅದನ್ನು ಉಳಿತಾಯದ ಲೆಕ್ಕಕ್ಕೆ ಸೇರಿಸಬೇಡಿ.

ಬಿದ್ರಿಯ ಬಗ್ಗೆ ನಮ್ಮೂರಿನವನಾಗಿ ಹೇಳುತ್ತೇನೆ. ಹೂಜಿಯ ಮೈ ಸತು ಮತ್ತು ತಾಮ್ರದ ಎರಕ. ಅದರಲ್ಲಿ ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ, ತೆಳು ತಗಡು ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬರಿಸುತ್ತಾರೆ. ನೀವು ಕೊಡುವ ಹಣ ಕುಶಲಕರ್ಮಿಯ ಕೈಗೆ, ಕಣ್ಣಿಗೆ. ಸಂತೋಷದಿಂದ ಕೊಡಿ, ಅವರ ಮನೆ ನಡೆಯಲಿ. ಆದರೆ ಯಾವ ಸರಾಫನೂ ಅದನ್ನು ಬೆಳ್ಳಿಯ ದರಕ್ಕೆ ತೂಗುವುದಿಲ್ಲ.

ಈಗ ನಿಮ್ಮ ಒಂದು ಲಕ್ಷ. ಗಟ್ಟಿ ಕೊಂಡರೂ 3% ಜಿಎಸ್‌ಟಿ ಇದೆ. ಅಂದರೆ ಸುಮಾರು 2,900 ರೂಪಾಯಿ ತೆರಿಗೆ, ಉಳಿದ 97,100 ರೂಪಾಯಿಗೆ ಬೆಳ್ಳಿ. ಮಾರುವಾಗ ಅಂಗಡಿಯವರು ಅಂದಿನ ದರದಲ್ಲಿ 2% ಹಿಡಿದುಕೊಂಡರು ಎಂದಿಟ್ಟುಕೊಳ್ಳಿ, ಕೈಗೆ ಬರುವುದು ಸುಮಾರು 95,100. ದರ ಶೇಕಡಾ ಐದರಷ್ಟು ಏರಿದರೆ ಮಾತ್ರ ನಿಮ್ಮ ಲಕ್ಷ ನಿಮಗೆ ಮರಳುತ್ತದೆ. ನಾಣ್ಯಕ್ಕೆ 4% ಮಜೂರಿ ಸೇರಿದರೆ ಶೇಕಡಾ ಒಂಬತ್ತರಷ್ಟು ಏರಬೇಕು. ಹತ್ತು ಗ್ರಾಂನ ಹತ್ತು ನಾಣ್ಯಗಳಿಗಿಂತ ನೂರು ಗ್ರಾಂನ ಒಂದು ಗಟ್ಟಿ ಏಕೆ ಲೇಸು ಎಂಬುದು ಇಲ್ಲೇ ಗೊತ್ತಾಗುತ್ತದೆ. ಹಾಗೆಂದು ಇಡೀ ಹಣಕ್ಕೆ ಒಂದೇ ದೊಡ್ಡ ಗಟ್ಟಿಯನ್ನೂ ಕೊಳ್ಳಬೇಡಿ. ಕಾಲೇಜಿನ ಶುಲ್ಕಕ್ಕೆ ಸ್ವಲ್ಪ ಹಣ ಬೇಕಾದಾಗ ಗಟ್ಟಿಯನ್ನು ಕತ್ತರಿಸಿದರೆ ಮುದ್ರೆ ಕೆಡುತ್ತದೆ.

999 ಮುದ್ರೆಯ ಗಟ್ಟಿ ಕೇಳಿ, ಬಿಲ್ಲಿನಲ್ಲಿ ತೂಕ ಮತ್ತು ಶುದ್ಧತೆ ಬರೆಸಿ. ಬೆಳ್ಳಿಗೆ ಶುದ್ಧತೆಯ ಸರ್ಕಾರಿ ಮುದ್ರೆಯಾದ ಹಾಲ್‌ಮಾರ್ಕ್ ಇನ್ನೂ ಕಡ್ಡಾಯವಿಲ್ಲ. ಆದರೆ 2025ರ ಸೆಪ್ಟೆಂಬರ್‌ 1ರಿಂದ ಹಾಲ್‌ಮಾರ್ಕ್ ಮಾಡಿದ ಬೆಳ್ಳಿ ಒಡವೆ, ಸಾಮಾನುಗಳಿಗೆ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಗುರುತಿನ ಸಂಖ್ಯೆ ಬಂದಿದೆ. ಅದನ್ನು ಸರ್ಕಾರದ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ವಿವರ ಸಿಗುತ್ತದೆ. ಕರಡಿಗೆ ಮಾಡಿಸುವಾಗ ನೆನಪಿರಲಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಡಿಜಿಟಲ್ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನೂರು ಗ್ರಾಂನ ಗಟ್ಟಿಯನ್ನು ದಾರಕ್ಕೆ ಕಟ್ಟಿ, ತಳಕ್ಕೆ, ಗೋಡೆಗೆ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ಒಂಬತ್ತೂವರೆ ಗ್ರಾಂ ತೋರಿಸಬೇಕು. ಹನ್ನೊಂದು ದಾಟಿದರೆ ಅದು ಜರ್ಮನ್ ಸಿಲ್ವರ್ ಇರಬಹುದು. ಹೆಸರಿಗೆ ಸಿಲ್ವರ್, ಒಳಗೆ ತಾಮ್ರ, ನಿಕ್ಕಲ್, ಸತು; ಬೆಳ್ಳಿ ಚೂರೂ ಇಲ್ಲ. ಈ ಪರೀಕ್ಷೆ ಸ್ಥೂಲವಾದದ್ದು. ಅನುಮಾನ ಬಂದರೆ ಟಂಚ್ ಯಂತ್ರ ಇರುವಲ್ಲಿಗೆ ಹೋಗಿ.

ಅಂಗಡಿಯವರು ತಮ್ಮ ಮುದ್ರೆಯ ಗಟ್ಟಿಯನ್ನು ತಾವೇ ತಕರಾರಿಲ್ಲದೆ ಕೊಳ್ಳುತ್ತಾರೆ, ಬೇರೆಯವರದ್ದಾದರೆ ಕರಗಿಸಿ ನೋಡುತ್ತೇನೆ ಎನ್ನುತ್ತಾರೆ. ಆದ್ದರಿಂದ ತಿರುಗಿ ಕೊಳ್ಳುವ ಷರತ್ತನ್ನು ಬಿಲ್ಲಿನ ಬೆನ್ನಿಗೆ ಬರೆದು ಸಹಿ ಹಾಕಿಕೊಡುವವರಲ್ಲಿ ಕೊಳ್ಳಿ. "ಆಗ ನೋಡೋಣ" ಎನ್ನುವವರಿಗೆ ಕೈಮುಗಿದು ಮುಂದಿನ ಅಂಗಡಿಗೆ ನಡೆಯಿರಿ. ಷರತ್ತಿನಲ್ಲಿ ನಗದು ಎಂಬ ಮಾತೂ ಇರಲಿ. ಹಳೆಯದನ್ನು ಹೊಸ ಒಡವೆಗೆ ಬದಲಿಸಿಕೊಳ್ಳಿ ಎಂದು ಒಳ್ಳೆಯ ದರ ತೋರಿಸಿ, ಹಣ ಕೇಳಿದರೆ ದರ ಇಳಿಸುವವರಿದ್ದಾರೆ.

ಕಲಬುರಗಿ ಲೆಕ್ಕಿಗ

ತೆರಿಗೆಯ ಮಾತು ಚುಟುಕಾಗಿ. ಕೊಂಡು 24 ತಿಂಗಳು ದಾಟಿದ ಮೇಲೆ ಮಾರಿದರೆ ಲಾಭಕ್ಕೆ 12.5%, ಹಣದುಬ್ಬರದ ಹೊಂದಾಣಿಕೆ ಇಲ್ಲ. ಅದಕ್ಕೂ ಮೊದಲೇ ಮಾರಿದರೆ ಲಾಭ ನಿಮ್ಮ ಸಂಬಳದ ಜೊತೆ ಸೇರಿ ನಿಮ್ಮ ಹಂತದ ದರದಲ್ಲಿ ತೆರಿಗೆ. ಬಿಲ್ ಇಲ್ಲದಿದ್ದರೆ ಕೊಂಡ ಬೆಲೆಯನ್ನು ತೋರಿಸುವುದು ಕಷ್ಟ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಅಂಗಡಿಯವರು ಪಡೆಯುವಂತಿಲ್ಲ. ನಿಮ್ಮದು ಒಂದೇ ಲಕ್ಷವಾದರೂ ಖಾತೆಯಿಂದಲೇ ಪಾವತಿಸಿ ಮೇಡಂ, ದಾಖಲೆ ತಾನಾಗಿ ಉಳಿಯುತ್ತದೆ.

ಶಹಾಪುರದಿಂದ

ಲಾಕರ್, ಟಂಚ್, ಮಜೂರಿ ಇಷ್ಟೆಲ್ಲ ಏಕೆ? 2021ರಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಅನುಮತಿ ಕೊಟ್ಟ ಮೇಲೆ ಬೆಳ್ಳಿಯ ಇಟಿಎಫ್‌ಗಳು, ಅಂದರೆ ಷೇರಿನಂತೆ ಕೊಳ್ಳುವ ಬೆಳ್ಳಿ ನಿಧಿಗಳು, ಬಂದಿವೆ. ಷೇರು ಇಡುವ ಡಿಮ್ಯಾಟ್ ಖಾತೆ ಇದ್ದರೆ ಮೊಬೈಲಿನಲ್ಲೇ ಕೊಂಡು, ಮೊಬೈಲಿನಲ್ಲೇ ಮಾರಬಹುದು. ನಾನು ಅದನ್ನೇ ಮಾಡುತ್ತೇನೆ.

ಬೀದರ್ ಪತ್ತಾರ

ತಮ್ಮ, ಹಣದ ಲೆಕ್ಕವಷ್ಟೇ ನೋಡಿದರೆ ನಿನ್ನ ಮಾತು ಸರಿ, ಒಪ್ಪುತ್ತೇನೆ. ಆದರೆ ಅಕ್ಕನಿಗೆ ಮಗಳ ಕೈಯಲ್ಲಿಡುವ ಬೆಳ್ಳಿ ಬೇಕಾಗಿದೆ. ಅರ್ಧ ಹಾಗೆ, ಅರ್ಧ ಹೀಗೆ ಮಾಡಿದರೂ ತಪ್ಪಿಲ್ಲ.

ಎರಡಕ್ಕೂ ಒಂದೇ ಎಚ್ಚರಿಕೆ. ಬೆಳ್ಳಿಯ ದರ ಚಿನ್ನದಂತೆ ನಿಧಾನವಾಗಿ ನಡೆಯುವುದಿಲ್ಲ. 2011ರ ಏಪ್ರಿಲ್‌ನಲ್ಲಿ ಕಿಲೋಗೆ 70 ಸಾವಿರ ದಾಟಿತ್ತು, ಮೇ ಮೊದಲ ವಾರದಲ್ಲೇ ಕುಸಿಯಿತು. ಆ ದರ ಮತ್ತೆ ಕಂಡದ್ದು 2020ರಲ್ಲಿ. ಆ ಏಪ್ರಿಲ್‌ನಲ್ಲಿ ಕೊಂಡು, ಮುಂದಿನ ವರ್ಷಗಳ ಬರದಲ್ಲಿ ಬಿತ್ತನೆ ಬೀಜಕ್ಕೆಂದು ಮಾರಬೇಕಾದ ರೈತರನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಜೂನ್ ಬಿತ್ತನೆಗೆ ಬೇಕಾಗುವ ಹಣವನ್ನು ಮೊದಲು ಬ್ಯಾಂಕಿನಲ್ಲಿ ಬೇರೆ ಇಡಿ. ಬೆಳ್ಳಿಯನ್ನೂ ಒಂದೇ ದಿನ ಕೊಳ್ಳದೆ, ವರ್ಷದುದ್ದಕ್ಕೂ ನೂರು ಗ್ರಾಂನಂತೆ ಸೇರಿಸಿ.

ಚಿತ್ತಾಪುರದ ಶಿಕ್ಷಕಿ

ಅಣ್ಣ, ತುಂಬಾ ಉಪಕಾರವಾಯಿತು. ಯಜಮಾನರಿಗೂ ಓದಿ ಹೇಳಿದೆ. ಕರಡಿಗೆ ಒಂದು, ಉಳಿದದ್ದು ಗಟ್ಟಿ ಎಂದು ಒಪ್ಪಿದರು. ಇನ್ನೆರಡು ಪ್ರಶ್ನೆ. ಕಷ್ಟ ಬಂದರೆ ಗಟ್ಟಿಯನ್ನು ಬ್ಯಾಂಕಿನಲ್ಲಿ ಅಡವಿಡಬಹುದೇ? ಅತ್ತೆಯ ಪೆಟ್ಟಿಗೆಯಲ್ಲಿ ಚಾರ್‌ಮಿನಾರ್ ಚಿತ್ರದ ಹಳೆಯ ರೂಪಾಯಿಗಳಿವೆ. ಅವನ್ನೂ ಕರಗಿಸಿ ಗಟ್ಟಿ ಮಾಡಿಸಲೇ?

ಬೀದರ್ ಪತ್ತಾರ

ಅಡವಿಗೆ ಗಟ್ಟಿ ನಡೆಯುವುದಿಲ್ಲ. ರಿಸರ್ವ್ ಬ್ಯಾಂಕಿನ 2025ರ ನಿಯಮದಂತೆ ಸಾಲ ಸಿಗುವುದು ಬೆಳ್ಳಿಯ ಒಡವೆಗೆ ಮತ್ತು ನಾಣ್ಯಕ್ಕೆ. ಒಡವೆಗೆ ಒಬ್ಬರಿಗೆ 10 ಕಿಲೋ, ನಾಣ್ಯಕ್ಕೆ 500 ಗ್ರಾಂ ಮಿತಿ. ಅಡವಿನ ದಾರಿ ತೆರೆದಿರಬೇಕು ಎನಿಸಿದರೆ ಸ್ವಲ್ಪ ನಾಣ್ಯ ಇಟ್ಟುಕೊಳ್ಳಿ. ನಿಮ್ಮ ತಮ್ಮನ ಮಾತಿಗೂ ಬೆಲೆ ಬಂತು.

ಚಾರ್‌ಮಿನಾರ್ ರೂಪಾಯಿಗಳನ್ನು ದಯವಿಟ್ಟು ಕುಲುಮೆಗೆ ಹಾಕಬೇಡಿ. ಅವು ನಮ್ಮ ಭಾಗ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗಿನ ನಿಜಾಮನ ಸಿಕ್ಕಾ. ಒಂದರ ತೂಕ 11.18 ಗ್ರಾಂ, ಬೆಳ್ಳಿ 81.8%. ಅಂದರೆ ಶುದ್ಧ ಬೆಳ್ಳಿ ಒಂಬತ್ತು ಗ್ರಾಂಗೆ ತುಸು ಹೆಚ್ಚು. ಇಸ್ಲಾಮಿ ಪಂಚಾಂಗದ ಹಿಜರಿ 1361ರಿಂದ ಮುಂದಿನ ನಾಣ್ಯಗಳಲ್ಲಿ ಬೆಳ್ಳಿ ಅರ್ಧಕ್ಕೆ ಇಳಿದಿದೆ, ಆದ್ದರಿಂದ ವರ್ಷ ನೋಡಿ ಬೇರೆ ಬೇರೆ ಮಾಡಿ. ಅಂಕಿಗಳು ಉರ್ದು ಬರಹದಲ್ಲಿರುತ್ತವೆ, ನಿಮ್ಮ ಶಾಲೆಯಲ್ಲಿ ಉರ್ದು ಬಲ್ಲವರಿದ್ದರೆ ಓದಿಸಿ. ಬ್ರಿಟಿಷ್ ರಾಜನ ಮುಖದವು ಸಿಕ್ಕರೆ, 1940ಕ್ಕಿಂತ ಹಿಂದಿನವು 11.66 ಗ್ರಾಂ, 91.7%.

ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಕಪ್ಪಾಗಿದ್ದರೆ ಹಾಗೆಯೇ ಇರಲಿ. ಸಂಗ್ರಹಕಾರರಿಗೆ ತಿಕ್ಕಿದ ನಾಣ್ಯ ಬೇಡ. ಕರಗಿಸುವವರಿಗೆ ತೋರಿಸುವ ಮೊದಲು ನಾಣ್ಯ ಸಂಗ್ರಹಿಸುವ ಇಬ್ಬರಿಗಾದರೂ ತೋರಿಸಿ, ಬೆಲೆ ಕೇಳಿ. ವರ್ಷ ಓದಿಸಿದ ಮೇಲೆ ಇಲ್ಲಿ ಬರೆಯಿರಿ ಅಕ್ಕ, ಯಾವುದರಲ್ಲಿ ಎಷ್ಟು ಬೆಳ್ಳಿ ಎಂದು ಲೆಕ್ಕ ಹಾಕಿ ಹೇಳುತ್ತೇನೆ.