ಬೋರ್ಡೋಗೆ ಸುಣ್ಣ ಎಷ್ಟು? ನನ್ನ ಮೋಲ್ ಲೆಕ್ಕಕ್ಕೂ ಅಪ್ಪನ ಲೆಕ್ಕಕ್ಕೂ ತಾಳೆನೇ ಆಗ್ತಿಲ್ಲ

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ, ಸೆಕೆಂಡ್ ಪಿಯು ವಿದ್ಯಾರ್ಥಿನಿ):

ನಮಸ್ತೆ ಸರ್. ನಮ್ಮದು ಅಡಿಕೆ ತೋಟ. ಮಳೆ ಹಿಡಿಯೋಕೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೀಬೇಕು, ಮರ ಹತ್ತಿ ಹೊಡೆಯೋ ಕೊನೆಗಾರ್ರು ಈ ವಾರನೇ ಬರ್ತೀನಿ ಅಂದಿದಾರೆ. ಅಪ್ಪ ಯಾವಾಗ್ಲೂ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ ಹಾಕೋದು. ನಾನು ಕಾಲೇಜಲ್ಲಿ ಕಲಿತ ಹಾಗೆ ಲೆಕ್ಕ ಮಾಡಿದ್ರೆ 300 ಗ್ರಾಂ ಸುಣ್ಣನೂ ಬೇಡ ಅಂತ ಬರ್ತಿದೆ. ಅಪ್ಪಂಗೆ ಹೇಳಿದ್ರೆ "ನಿನ್ನ ಪುಸ್ತಕ ಮರ ಹತ್ತಿದೆಯಾ" ಅಂತಾರೆ. ಇನ್ನೊಂದು ವಿಷಯ, ಹೋದ ವರ್ಷ ಎರಡನೇ ಸಲ ಹೊಡೆದಾಗ ಎರಡು ವರ್ಷದಿಂದ ಬಾಯಿ ಬಿಚ್ಚಿಟ್ಟಿದ್ದ ಮೂಟೆ ಸುಣ್ಣ ಹಾಕಿದ್ವಿ, ಆಮೇಲೆ ಎಳೆ ಕಾಯಿ ಮೇಲೆಲ್ಲ ಕಂದು ಕಲೆ ಬಂತು. ಅದೇ ಮೂಟೆ ಇನ್ನೂ ಅರ್ಧ ಇದೆ. ಯಾರ ಲೆಕ್ಕ ಸರಿ ಸರ್?

ಉತ್ತರ (ನಿವೃತ್ತ ಕೆಮಿಸ್ಟ್ರಿ ಲೆಕ್ಚರರ್, ಶಿವಮೊಗ್ಗ):

ತಂಗಿ, ಮೂವತ್ತು ವರ್ಷ ಪಾಠ ಮಾಡಿದೀನಿ, ಮೋಲ್ ಲೆಕ್ಕನ ತೋಟಕ್ಕೆ ತಗೊಂಡು ಹೋಗಿ ಕೇಳಿದವರು ಕಮ್ಮಿ, ನಿಜಕ್ಕೂ ಖುಷಿ ಆಯ್ತು. ನಿನ್ನ ಲೆಕ್ಕದಲ್ಲಿ ತಪ್ಪಿಲ್ಲ. ಬೇರೆಯವ್ರಿಗೂ ಗೊತ್ತಾಗ್ಲಿ ಅಂತ ಒಂದ್ಸಲ ಬಿಡಿಸಿ ಬರೀತೀನಿ.

ಮೋಲ್ ಅಂದ್ರೆ ಕಣಗಳನ್ನ ಎಣಿಸೋಕೆ ಇರೋ ಒಂದು ಅಳತೆ. ಒಂದು ಕಾಪರ್ ಸಲ್ಫೇಟಿಗೆ ಒಂದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ (ಅರಳಿದ ಸುಣ್ಣ) ಸೇರಿದ್ರೆ ಒಂದು ಕಾಪರ್ ಹೈಡ್ರಾಕ್ಸೈಡ್, ಒಂದು ಕ್ಯಾಲ್ಸಿಯಂ ಸಲ್ಫೇಟ್. ಮೈಲುತುತ್ತದ ನೀಲಿ ಹರಳಲ್ಲಿ ಐದು ನೀರು ಸೇರ್ಕೊಂಡಿರತ್ತೆ, ಅದನ್ನ ಬಿಟ್ಟು ಮೋಲಿಗೆ 160 ಗ್ರಾಂ ಅಂತ ಹಿಡಿದ್ರೆ ಲೆಕ್ಕ ಅಲ್ಲೇ ಕೆಡತ್ತೆ, 249.7 ಹಿಡೀಬೇಕು. ಅಂದ್ರೆ 1 ಕೆಜಿ ಮೈಲುತುತ್ತ ಸುಮಾರು 4 ಮೋಲ್. ಅರಳಿದ ಸುಣ್ಣ ಒಂದು ಮೋಲಿಗೆ 74.1 ಗ್ರಾಂ, ನಾಲ್ಕಕ್ಕೆ 297 ಗ್ರಾಂ. ಅರಳಿಸದ ಸುಡುಸುಣ್ಣ ಆದ್ರೆ ಮೋಲಿಗೆ 56, ಸುಮಾರು 225 ಗ್ರಾಂ ಸಾಕು. ಅಪ್ಪ ಹಾಕೋ 1 ಕೆಜಿ ಪೂರ್ತಿ ಶುದ್ಧ ಅರಳಿದ ಸುಣ್ಣ ಆಗಿದ್ರೆ ಹದಿಮೂರೂವರೆ ಮೋಲ್ ಆಯ್ತು, ಬೇಕಾದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಮೊದಲು ಖಾಲಿ ಆಗೋದು ತಾಮ್ರ, ಉಳಿಯೋದು ಸುಣ್ಣ.

ಹಾಗಂತ ಅಪ್ಪಂದು ತಪ್ಪು ಅನ್ಬೇಡ. ಸುಣ್ಣ ಉಳೀಲೇಬೇಕು ಅಂತಾನೇ ಆ ಅಳತೆ ಇರೋದು. ಬಿಡಿ ತಾಮ್ರ ನೀರಲ್ಲಿ ಉಳಿದ್ರೆ ಎಳೆ ಕಾಯಿನ, ಸಿಂಗಾರನ ಸುಡತ್ತೆ. ಹೆಚ್ಚಿಗೆ ಸುಣ್ಣ ಇದ್ರೆ ತಾಮ್ರ ಎಲ್ಲ ನೀಲಿ ಗಸಿಯಾಗಿ ಕೂತ್ಕೊಂಡು ಗೊನೆಗೆ ಅಂಟತ್ತೆ, ಆಮೇಲೆ ಮಳೆ ಗಾಳಿಗೆ ಸ್ವಲ್ಪ ಸ್ವಲ್ಪವೇ ಬಿಡ್ತಾ ಕೊಳೆಯ ಬೂಸನ್ನ ತಡೆಯತ್ತೆ.

ಇನ್ನು ನಿನ್ನ ಹಳೇ ಮೂಟೆ. ನನಗೆ ಭಯ ಇರೋದು ಅದರ ಮೇಲೆ. ನಮ್ಮ ಮಲೆನಾಡಿನ ತೇವದಲ್ಲಿ ಬಾಯಿ ಬಿಚ್ಚಿಟ್ಟ ಸುಣ್ಣ ಗಾಳೀಲಿರೋ ಕಾರ್ಬನ್ ಡೈಆಕ್ಸೈಡ್ ಎಳ್ಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗ್ತಾ ಹೋಗತ್ತೆ, ಅಂದ್ರೆ ವಾಪಸ್ ಸುಣ್ಣದಕಲ್ಲೇ. 74 ಗ್ರಾಂ ಇದ್ದಿದ್ದು 100 ಗ್ರಾಂ ಆಗತ್ತೆ. ತೂಕ ಇಳಿಯೋದಿಲ್ಲ, ಏರತ್ತೆ, ನೋಡೋಕೂ ಅದೇ ಬಿಳಿ ಪುಡಿ. ತಕ್ಕಡಿ 1 ಕೆಜಿ ತೋರ್ಸತ್ತೆ, ಕೆಲಸಕ್ಕೆ ಬರೋದು ಅದರಲ್ಲಿ ಎಷ್ಟು ಅಂತ ತಕ್ಕಡಿಗೆ ಗೊತ್ತಾಗಲ್ಲ.

ಅಳೀಬೇಕಾ? ನಿಮ್ಮ ಕಾಲೇಜ್ ಲ್ಯಾಬಲ್ಲಿ ಲೆಕ್ಚರರ್ ಎದುರಿಗೆ ಮಾಡು. 1.85 ಗ್ರಾಂ ಸುಣ್ಣ ತೂಗಿ ಸಕ್ಕರೆ ನೀರಲ್ಲಿ ಚೆನ್ನಾಗಿ ಕದಡು (ಬರೀ ನೀರಲ್ಲಿ ಲೀಟರಿಗೆ ಒಂದೂಮುಕ್ಕಾಲು ಗ್ರಾಮಿನಷ್ಟೂ ಕರಗಲ್ಲ, ಸಕ್ಕರೆ ಇದ್ರೆ ಕರಗತ್ತೆ), ಫೀನಾಫ್ತಲೀನ್ (ಸುಣ್ಣ ಇದ್ರೆ ಗುಲಾಬಿ ಬಣ್ಣ ತೋರ್ಸೋ ಸೂಚಕ) ಎರಡು ಹನಿ ಹಾಕು, ಬ್ಯೂರೆಟ್ಟಿಂದ 1 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್ ಬಿಡು, ಗುಲಾಬಿ ಬಣ್ಣ ಮೊದಲ ಸಲ ಹೋದ ಕೂಡ್ಲೇ ನಿಲ್ಸು. ಪೂರ್ತಿ ಶುದ್ಧ ಇದ್ರೆ 50 ಎಂಎಲ್ ಹಿಡಿಯತ್ತೆ. ಅಂದ್ರೆ ಒಂದು ಎಂಎಲಿಗೆ ಎರಡು ಪರ್ಸೆಂಟ್. 1.85 ಯಾಕೆ ಅಂತ ನೀನೇ ಲೆಕ್ಕ ಮಾಡ್ಕೊ, ಒಂದು ಸುಣ್ಣಕ್ಕೆ ಎರಡು ಆಸಿಡ್ ಬೇಕು ಅನ್ನೋದು ಮಾತ್ರ ಮರೀಬೇಡ.

ಪ್ರಶ್ನೆ (ಸಾಗರದ ಬೆಳೆಗಾರರು):

ಮೇಷ್ಟ್ರೇ, ನಮ್ಮಂಥವ್ರಿಗೆ ಲ್ಯಾಬ್ ಎಲ್ಲಿಂದ ಬರ್ಬೇಕು, ತೋಟದಲ್ಲೇ ನೋಡೋ ದಾರಿ ಹೇಳಿ. ಮತ್ತೆ ನಮ್ಮ ಮನೇಲಿರೋದು ಕಬ್ಬಿಣದ ಡ್ರಮ್ಮು, ಅದ್ರಲ್ಲಿ ಕಲಸಬಹುದಾ?

ಉತ್ತರ:

ಅಣ್ಣ, ನಿಮ್ಮ ಎರಡು ಪ್ರಶ್ನೆಗೂ ಉತ್ತರ ಒಂದೇ ರಿಯಾಕ್ಷನ್ನು. ಕಬ್ಬಿಣ ಕಾಪರ್ ಸಲ್ಫೇಟ್ ದ್ರಾವಣಕ್ಕೆ ಸಿಕ್ಕಿದ್ರೆ ಕಬ್ಬಿಣ ಕರಗಿ ತಾಮ್ರ ಅದರ ಮೇಲೆ ಕೂರತ್ತೆ, 56 ಗ್ರಾಂ ಕಬ್ಬಿಣಕ್ಕೆ 63.5 ಗ್ರಾಂ ತಾಮ್ರ. ಹಾಗಾಗಿ ಡ್ರಮ್ ಬೇಡ್ವೇ ಬೇಡ, ಔಷಧಿನೂ ಹಾಳು ಡ್ರಮ್ಮೂ ಹಾಳು, ಪ್ಲಾಸ್ಟಿಕ್ಕಲ್ಲಿ ಕಲಸಿ. ಪರೀಕ್ಷೆಗೆ ಮಾತ್ರ ಅದೇ ಕಬ್ಬಿಣ ಬೇಕು. ತುಕ್ಕು ಇಲ್ಲದ ಹಾಗೆ ಉಜ್ಜಿದ ಕತ್ತಿ ತುದಿನ ಕಲಸಿದ ಔಷಧಿಲಿ ಒಂದೆರಡು ನಿಮಿಷ ಅದ್ದಿ. ಕೆಂಪಗೆ ತಾಮ್ರದ ಬಣ್ಣ ಹಿಡಿದ್ರೆ ಬಿಡಿ ತಾಮ್ರ ಇನ್ನೂ ಇದೆ ಅಂತ, ಕದಡಿದ ಸುಣ್ಣದ ನೀರು ಇನ್ನಷ್ಟು ಹಾಕಿ ಮತ್ತೆ ನೋಡಿ. ಹಿಡೀಲಿಲ್ಲ ಅಂದ್ರೆ ಹೊಡೀಬಹುದು. ಮೋಲ್ ಗೊತ್ತಿಲ್ಲದೆ ನಮ್ಮ ಹಿರಿಯರು ಮಾಡ್ತಿದ್ದಿದ್ದು ಇದೇ ಲೆಕ್ಕ.

ಕಲಸೋದು ಹೇಗೆ ಅಂದ್ರೆ 50 ಲೀಟರಲ್ಲಿ ತುತ್ತ ಬೇರೆ, ಇನ್ನೊಂದು 50 ಲೀಟರಲ್ಲಿ ಸುಣ್ಣ ಬೇರೆ ಮಾಡ್ಕೊಂಡು ಸೋಸಿ, ತುತ್ತದ ನೀರನ್ನ ಸುಣ್ಣದ ನೀರಿಗೆ ಕದಡ್ತಾ ಹುಯ್ಯಿರಿ, ಉಲ್ಟಾ ಬೇಡ. ಸುಡುಸುಣ್ಣ ಅರಳಿಸುವಾಗ ಮುಖ ಬಗ್ಗಿಸ್ಬೇಡಿ, ಕುದ್ದು ಸಿಡಿಯತ್ತೆ, ಕಣ್ಣಿಗೆ ಬಿದ್ರೆ ಕಣ್ಣೇ ಹೋಗತ್ತೆ.

ಪ್ರಶ್ನೆ (ಹೊಸನಗರ):

ಮಳೆ ಬಂದು ಅರ್ಧ ಬ್ಯಾರಲ್ ಉಳೀತು ಸರ್, ನಾಳೆ ಹೊಡೀಬಹುದಾ?

ಉತ್ತರ:

ಬೇಡಿ. ಇಟ್ರೆ ಆ ನುಣ್ಣಗಿನ ಗಸಿ ದಪ್ಪ ಕಾಳಾಗತ್ತೆ, ಗೊನೆಗೆ ಅಂಟಲ್ಲ. ಅವತ್ತಿಂದು ಅವತ್ತೇ. ಮೋಡ ನೋಡ್ಕೊಂಡು ಕಮ್ಮಿ ಕಲಸಿ, 50 ಲೀಟರಿಗೆ ಅರ್ಧ ಅರ್ಧ ಕೆಜಿ, ಅಷ್ಟೇ.

ಪ್ರತಿಕ್ರಿಯೆ (ಇನ್ನೊಬ್ಬ ಲೆಕ್ಚರರ್):

ಸರ್ ಒಂದು ಮಾತು ಸೇರಿಸ್ಲಾ. ನಿಜವಾಗಿ ಬರೋದು ಬರೀ ಹೈಡ್ರಾಕ್ಸೈಡ್ ಅಲ್ಲ, ಸಲ್ಫೇಟೂ ಸೇರಿದ ಬೇಸಿಕ್ ಕಾಪರ್ ಸಲ್ಫೇಟ್, ಅದಕ್ಕೆ ಮುಕ್ಕಾಲು ಪಾಲು ಸುಣ್ಣನೇ ಸಾಕು ಅಲ್ವಾ.

ಉತ್ತರ:

ಸರಿಯಾಗಿ ಹೇಳಿದ್ರಿ. ಹಾಗೆ ಹಿಡಿದ್ರೆ 1 ಕೆಜಿ ತುತ್ತಕ್ಕೆ ಸುಮಾರು 223 ಗ್ರಾಂ ಅರಳಿದ ಸುಣ್ಣ. 297 ಅಂತ ಹಿಡಿದ್ರೆ ಬೆಳೆಗೆ ಸೇಫು ಅಂತ ಅದನ್ನೇ ಹೇಳಿದ್ದೆ. ಈ ಮಿಶ್ರಣ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋದ ದ್ರಾಕ್ಷಿ ತೋಟದಲ್ಲಿ, ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ್ದು. ಮುಂದೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ನಮ್ಮ ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡಿ ಇದನ್ನ ತೋಟಕ್ಕೆ ತಂದ್ರು. "ಕೊಳೆರೋಗ" ಅನ್ನೋ ನಮ್ಮ ಮಾತು ವಿಜ್ಞಾನದ ಬರಹದಲ್ಲೂ ಹಾಗೇ ಉಳ್ಕೊಂಡಿದೆ, ಅದು ನನಗೆ ಹೆಮ್ಮೆ.

ಪ್ರತಿಕ್ರಿಯೆ (ತೀರ್ಥಹಳ್ಳಿ ವಿದ್ಯಾರ್ಥಿನಿ, ಮೂರು ದಿನದ ಮೇಲೆ):

ಸರ್ ಲ್ಯಾಬಲ್ಲಿ ಮಾಡ್ದೆ. ಹಳೇ ಮೂಟೆ 9 ಎಂಎಲಿಗೇ ಬಣ್ಣ ಹೋಯ್ತು, ಹೊಸದಾಗಿ ತಂದಿದ್ದು 41. ಅಂದ್ರೆ ಹಳೇದು 18 ಪರ್ಸೆಂಟ್, ಕೆಜಿಗೆ ಬರೀ 180 ಗ್ರಾಂ. 2.43 ಮೋಲ್. ಒಂದಕ್ಕೊಂದು ಹಿಡಿದ್ರೆ 390 ಗ್ರಾಂ ಮೈಲುತುತ್ತ ಹಾಗೇ ಉಳಿಯತ್ತೆ, ಮುಕ್ಕಾಲು ಹಿಡಿದ್ರೂ 190 ಗ್ರಾಂ. ಅಪ್ಪ ಪಕ್ಕದಲ್ಲೇ ಕೂತು ಎರಡು ಸಲ ಕೇಳಿದ್ರು, ಕತ್ತಿ ಅದ್ದಿದಾಗ ಹಳೇ ಸುಣ್ಣದ ಔಷಧಿಲಿ ಕೆಂಪಾಯ್ತು, ಹೊಸದ್ರಲ್ಲಿ ಆಗ್ಲಿಲ್ಲ. ಹೋದ ವರ್ಷದ ಕಲೆ ಇದಕ್ಕೇನಾ ಸರ್? ಹಳೇ ಮೂಟೆ ಏನ್ ಮಾಡೋದು?

ಉತ್ತರ:

ಕಾಯಿ ಕಣ್ಣಲ್ಲಿ ನೋಡದೆ ಇದೇ ಅಂತ ಹೇಳಲ್ಲ ತಂಗಿ, ಹೋದ ವರ್ಷ ಸುಣ್ಣ ಇಷ್ಟು ಸತ್ತಿರಲಿಲ್ಲ, ಆದ್ರೂ ಮೊದಲ ಅನುಮಾನ ಅಲ್ಲೇ. ಹೊಸದು 82 ಪರ್ಸೆಂಟ್ ಇದೆ, ಕೆಜಿಗೆ ಕೆಜಿ ಹಾಕಿ ಧೈರ್ಯವಾಗಿ ಹೊಡೀರಿ, ಉಳಿದಿದ್ದನ್ನ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡದ ಹಾಗೆ ಕಟ್ಟಿಡಿ. ಹಳೇದನ್ನ ಎಸೀಬೇಡಿ. ಔಷಧಿಗೆ ಬಾರದ ಕಾರ್ಬೊನೇಟ್ ಮಣ್ಣಿನ ಹುಳಿ ಕಳೆಯೋಕೆ ಚೆನ್ನಾಗೇ ಆಗತ್ತೆ, ನಮ್ಮ ಕಡೆ ಮಣ್ಣು ಹುಳಿನೇ. ಮಣ್ಣು ಪರೀಕ್ಷೆ ಮಾಡ್ಸಿ ಎಷ್ಟು ಬೇಕು ನೋಡ್ಕೊಂಡು ಮರದ ಬುಡಕ್ಕೆ ಹಾಕಿ. ಆ ರಿಪೋರ್ಟ್ ಬಂದ್ಮೇಲೆ ಇಲ್ಲೇ ಹಾಕು, ಮರಕ್ಕೆ ಎಷ್ಟು ಗ್ರಾಂ ಅಂತ ಕೂತು ಲೆಕ್ಕ ಮಾಡೋಣ.