'ಪರಿಹಾರ' ಎಂದರೆ ಯಾವ ಪರಿಹಾರ? ಕಾರ್ಮಿಕರ ಕೈಪಿಡಿಗೊಂದು ಪದ ಬೇಕಾಗಿದೆ

ಮಾನ್ಯರೇ,

ಮೈಸೂರಿನ ಕಾರ್ಮಿಕ ಸಂಘಟನೆಯೊಂದಕ್ಕಾಗಿ, ಸಾಂಕ್ರಾಮಿಕ ಕಾಲದಲ್ಲಿ ಕಾರ್ಮಿಕರಿಗಿರುವ ಹಕ್ಕುಗಳ ಕೈಪಿಡಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಶುಕ್ರವಾರ ಅದು ಅಚ್ಚಿಗೆ ಹೋಗಬೇಕು, ಬಾಗಿಲ ಫಲಕವೂ ಜೊತೆಗೇ. ತೊಡಕು 'ಕಾಂಪೆನ್ಸೇಷನ್' ಎಂಬ ಪದದ್ದು. ನಾವೆಲ್ಲ 'ಪರಿಹಾರ' ಎಂದು ಬರೆದು ಮುಂದೆ ಹೋಗುತ್ತೇವೆ. ಆದರೆ 2020ರ ಲಾಕ್‌ಡೌನಿನಲ್ಲಿ ಕಟ್ಟಡ ಕಾರ್ಮಿಕರ ಖಾತೆಗೆ ಸರ್ಕಾರ ಹಾಕಿದ 5,000 ರೂಪಾಯಿ ಪರಿಹಾರ. ಕೋವಿಡ್‌ನಿಂದ ತೀರಿಕೊಂಡವರ ಮನೆಯವರಿಗೆ ವಿಪತ್ತು ನಿಧಿಯಿಂದ ಕೊಟ್ಟ 50,000 ರೂಪಾಯಿಯೂ ಪರಿಹಾರ. ಕೆಲಸದಿಂದ ಹಾನಿಯಾದರೆ ಮಾಲೀಕರು ಕಾಯ್ದೆಯ ಪ್ರಕಾರ (2025ರವರೆಗೆ 1923ರ ನೌಕರರ ಪರಿಹಾರ ಕಾಯ್ದೆ, ಈಗ ಸಾಮಾಜಿಕ ಭದ್ರತಾ ಸಂಹಿತೆ) ಕೊಡಲೇಬೇಕಾದ ಹಣವೂ ಪರಿಹಾರ. ಕರಡು ಫಲಕದಲ್ಲಿ 'ಕಾರ್ಮಿಕರ ಪರಿಹಾರ: ಮಾಹಿತಿಗೆ ಒಳಗೆ ಬನ್ನಿ' ಎಂದು ಬರೆದು ಅಂಟಿಸಿದ್ದೆವು. ಮರುದಿನ ಇಬ್ಬರು ಹೆಂಗಸರು ಕೈಚೀಲ ಹಿಡಿದು ಬಂದು, ರೇಷನ್ ಕಿಟ್ ಕೊಡುವುದು ಇಲ್ಲೇ ತಾನೆ ಎಂದು ಕೇಳಿದರು.

ಎರಡನೆಯ ಅನುಮಾನ 'ಅಪಘಾತ'ದ್ದು. ವಾರ್ಡಿನಲ್ಲಿ ಸೋಂಕು ತಗುಲಿಸಿಕೊಂಡ ಆಯಾಗೆ 'ಕಾನೂನಿನ ದೃಷ್ಟಿಯಲ್ಲಿ ನಿಮಗಾದದ್ದು ಅಪಘಾತ' ಎಂದರೆ, ಯಾವ ಬಸ್ಸು ಗುದ್ದಿತು ಎಂದು ಆಕೆ ಕೇಳದೆ ಇರುತ್ತಾಳೆಯೆ? ಬಲ್ಲವರು ಬೇಗ ತಿಳಿಸಬೇಕಾಗಿ ಕೋರಿಕೆ.

* * *

(ಮಂಡ್ಯದಿಂದ)

'ಪರಿಹಾರ'ವನ್ನು ಕೈಬಿಡಿ. ಅದು ಕನ್ನಡವೂ ಅಲ್ಲ, ನಿಮಗೆ ಬೇಕಾದ ಅರ್ಥವೂ ಅದರೊಳಗಿಲ್ಲ. 'ಪರಿಹರಿಸು' ಎಂದರೆ ತೊಲಗಿಸು. ಹಳೆಯ ದಾನಶಾಸನಗಳ 'ಸರ್ವಬಾಧಾ ಪರಿಹಾರ'ವೂ ಅದೇ, ಜೋಯಿಸರು ಮಾಡಿಸುವ ದೋಷಪರಿಹಾರವೂ ಅದೇ. ಕೈ ಕತ್ತರಿಸಿಹೋದವನಿಗೆ ಹಣ ಕೊಟ್ಟರೆ ತೊಲಗುವುದು ಯಾವುದು? ಕಳೆದದ್ದಕ್ಕೆ ಸಮನಾದುದನ್ನು ಕೊಡುವುದಕ್ಕೆ ನಮ್ಮಲ್ಲಿ 'ಈಡು' ಇದೆ. ಈಡುಜೋಡು ಎನ್ನುತ್ತೇವಲ್ಲ, ಆ ಈಡು. ತಮಿಳರು 'ಇಳಪ್ಪೀಡು' ಎಂದು ಸರ್ಕಾರಿ ಕಾಗದದಲ್ಲೇ ಬರೆಯುತ್ತಾರೆ. ನಾವು ಮಾತ್ರ ನಾಚುತ್ತೇವೆ. 'ವಿಮೆ'ಯ ಸಂಸ್ಕೃತವನ್ನೂ ಇದೇ ಬೀಸಿನಲ್ಲಿ ಕಳೆಯಬಹುದು.

* * *

(ಮೈಸೂರಿನಿಂದ, ಕಾರ್ಮಿಕ ಪ್ರಕರಣಗಳಲ್ಲಿ ವಾದಿಸಿ ನಿವೃತ್ತನಾದವನು)

ಮಂಡ್ಯದ ಗೆಳೆಯರು ತಪ್ಪು ಮರಕ್ಕೆ ಕೊಡಲಿ ಎತ್ತಿದ್ದಾರೆ. 'ವಿಮೆ' ಸಂಸ್ಕೃತವಲ್ಲ, ಫಾರಸಿಯ 'ಬೀಮಾ'. ಅದರೊಳಗಿನ 'ಬೀಮ್' ಎಂದರೆ ಅಂಜಿಕೆ. ಮರಾಠಿಯಲ್ಲಿ ಅದು 'ವಿಮಾ'. ಇನ್ನು 'ಈಡು' ಒಳ್ಳೆಯ ಪದವೇ, ಆದರೆ ಗುಂಡಿನ ಹೊಡೆತಕ್ಕೂ ಅದೇ ಪದ; 'ಅಪಘಾತಕ್ಕೀಡಾದವನಿಗೆ ಈಡು ಕೊಡಿ' ಎಂದು ಬರೆದರೆ ಓದುಗರು ಬಂದೂಕಿನ ಸದ್ದಿಗೆ ಕಾಯುತ್ತಾರೆ.

ಪ್ರಶ್ನೆಗೆ ಬರುತ್ತೇನೆ. 'ನಷ್ಟಪರಿಹಾರ' ಎಂದೇ ಬರೆಯಿರಿ. ಮುಂದೆ 'ನಷ್ಟ' ಸೇರಿದ ಕೂಡಲೇ ನಷ್ಟ ಯಾರದು, ತುಂಬಿಕೊಡಬೇಕಾದವರು ಯಾರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಬರ ಪರಿಹಾರ, ನೆರೆ ಪರಿಹಾರಗಳಲ್ಲಿ ಅದು ಏಳುವುದಿಲ್ಲ. ವಿಪತ್ತು ನಿಧಿಯ 50,000ಕ್ಕೆ 'ಅನುಗ್ರಹಪೂರ್ವಕ ಮೊತ್ತ' ಎಂಬ ಪದವಿದೆ. ಅದು ಕೊಡುವವರ ಮನಸ್ಸಿನ ಪದ, ನಿಮ್ಮದು ಪಡೆಯುವವರ ಹಕ್ಕಿನ ಪದ. ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆ, ಇವೆರಡಕ್ಕೂ ಬೇರೆ. 21,000 ರೂಪಾಯಿವರೆಗಿನ ಸಂಬಳದವರಿಂದ ನೂರಕ್ಕೆ 0.75, ಮಾಲೀಕರಿಂದ 3.25 ವಂತಿಗೆ ಪಡೆದು ನಡೆಯುವ ವಿಮೆ ಅದು. ಅದರ ವ್ಯಾಪ್ತಿಯಲ್ಲಿರುವವರು ಮಾಲೀಕರಿಂದ ಮತ್ತೆ ನಷ್ಟಪರಿಹಾರ ಕೇಳುವಂತಿಲ್ಲ. ವಿಚಿತ್ರವೆಂದರೆ, ವಂತಿಗೆ ಕಟ್ಟಿದ ಕಾರ್ಮಿಕ ಕೋವಿಡ್‌ನಿಂದ ಸತ್ತರೆ ಅವಲಂಬಿತರಿಗೆ ಆತನ ಸರಾಸರಿ ದಿನಗೂಲಿಯ ನೂರಕ್ಕೆ 90ರಷ್ಟನ್ನು, ತಿಂಗಳಿಗೆ 1,800 ರೂಪಾಯಿಗೆ ಕಡಿಮೆಯಾಗದಂತೆ ಕೊಡಲು 2021ರಲ್ಲಿ ಮಾಡಿದ ಯೋಜನೆಗೂ 'ರಿಲೀಫ್' ಎಂದೇ ಹೆಸರಿಟ್ಟರು. ಮೂಲದಲ್ಲೇ ಗೊಂದಲವಿದ್ದರೆ ಅನುವಾದಕರೇನು ಮಾಡಿಯಾರು!

'ಅಪಘಾತ'ದ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾಗಿದೆ. 'ಘಾತ' ಎಂದರೆ ಹೊಡೆತ, ಕಾಯ್ದೆಗೆ ಹೊಡೆತವೇ ಆಗಬೇಕೆಂದಿಲ್ಲ. 1905ರಲ್ಲೇ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್, ಉಣ್ಣೆ ವಿಂಗಡಿಸುತ್ತಿದ್ದ ಕೆಲಸಗಾರನ ಕಣ್ಣಿಗೆ ಆಂಥ್ರಾಕ್ಸ್, ಅಂದರೆ ನಮ್ಮ ಕಡೆಯ ನೆರಡಿ ರೋಗದ ಅಣು ತಗುಲಿ ಆತ ಸತ್ತದ್ದನ್ನು 'ಆಕ್ಸಿಡೆಂಟ್' ಎಂದು ಒಪ್ಪಿತ್ತು. 'ಆಕಸ್ಮಿಕ' ಎಂದು ಬರೆಯಿರಿ. 'ಕಸ್ಮಾತ್' ಎಂದರೆ ಎಲ್ಲಿಂದ, ಯಾವುದರಿಂದ; ಅದನ್ನು ಹೇಳಲಾಗದ್ದು ಅಕಸ್ಮಾತ್. ಆದರೆ ಕಾಯ್ದೆ ಕೇಳುವುದು ಆ ಕಸ್ಮಾತ್ತನ್ನೇ: ಹಾನಿ ಕೆಲಸದ ಅವಧಿಯಲ್ಲಿ ಆಗಿದ್ದರೆ ಸಾಲದು, ಕೆಲಸದಿಂದಲೇ ಹುಟ್ಟಿರಬೇಕು. ಆಸ್ಪತ್ರೆ, ಪ್ರಯೋಗಾಲಯಗಳಲ್ಲಿ ಸೋಂಕಿಗೆ ಮೈಯೊಡ್ಡುವವರಿಗೆ ಕಾಯ್ದೆಯ ಕೊನೆಯಲ್ಲಿನ ರೋಗಗಳ ಪಟ್ಟಿಯ, ಅಂದರೆ ಮೂರನೆಯ ಅನುಸೂಚಿಯ, ಆಸರೆಯಿದೆ, ಅಲ್ಲಿ ಸೋಂಕು ವೃತ್ತಿರೋಗವೆನಿಸುತ್ತದೆ. ಮದ್ದೂರಿನ ಕಡೆಯಿಂದ ಕಿಕ್ಕಿರಿದ ಗಾಡಿಯಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಗಳು, ರೋಗ ಬಂದದ್ದು ಹೊಲಿಗೆ ಯಂತ್ರದ ಸಾಲಿನಿಂದಲೇ ಹೊರತು ಗಾಡಿಯಿಂದಲ್ಲ, ಮನೆಯಿಂದಲ್ಲ ಎಂದು ಹೇಗೆ ತೋರಿಸಬೇಕು? ಆದ್ದರಿಂದ ಕೈಪಿಡಿಯಲ್ಲಿ 'ಕೆಲಸದ ಅವಧಿಯಲ್ಲಿ ಮತ್ತು ಕೆಲಸದ ಕಾರಣದಿಂದ' ಎಂಬಲ್ಲಿನ 'ಮತ್ತು'ವನ್ನು ದಯವಿಟ್ಟು ದಪ್ಪ ಅಕ್ಷರದಲ್ಲಿ ಹಾಕಿಸಿ. ಅದು 'ಅಥವಾ' ಆಗಿ ಅಚ್ಚಾದರೆ ಜನ ಇಲ್ಲದ ಆಸೆ ಹೊತ್ತು ಅಲೆಯುತ್ತಾರೆ.

* * *

(ಮಂಡ್ಯದಿಂದ)

'ವಿಮೆ'ಯ ತಿದ್ದುಪಡಿಯನ್ನು ಒಪ್ಪಿದೆ. ಆದರೆ ಫಾರಸಿಯಾದರೆ ಇರಲಿ, ಸಂಸ್ಕೃತವಾದರೆ ಇರಲಿ, ಕನ್ನಡವಾದರೆ ಮಾತ್ರ ಬಂದೂಕಿನ ನಗೆಚಾಟಿಕೆ! 'ವಂತಿಗೆ'ಯನ್ನು ತಾವೇ ಸಲೀಸಾಗಿ ಬಳಸಿದಿರಿ. ಶಾಲೆಗಳ 'ವಂತಿಗೆ ಹಾವಳಿ'ಯಿಂದ ಆ ಪದಕ್ಕೆ ಮಸಿ ಮೆತ್ತಿಕೊಂಡಿದ್ದರೂ ಬಳಸಿದಿರಿ, ಬಳಕೆಯಲ್ಲಿತ್ತು, ಅರ್ಥವಾಯಿತು. 'ಈಡು' ಬಳಕೆಗೆ ಬರುವುದು ಯಾರಾದರೂ ಮೊದಲು ಬಳಸಿದಾಗಲೇ.

* * *

(ಪ್ರಶ್ನೆ ಕೇಳಿದವನು)

ಇಬ್ಬರಿಗೂ ನಮಸ್ಕಾರಗಳು. ಹೊಸ ಪದವನ್ನು ಬಳಕೆಗೆ ತರುವ ಕೆಲಸವನ್ನು ಕೂಲಿ ಕಳೆದುಕೊಂಡವರ ಫಲಕದ ಮೇಲೆ ಮಾಡಲು ನನಗೆ ಧೈರ್ಯವಿಲ್ಲ. ಫಲಕಕ್ಕೆ 'ಕೆಲಸದಿಂದ ಹಾನಿಯಾದರೆ ಮಾಲೀಕರು ಕೊಡಬೇಕಾದ ನಷ್ಟಪರಿಹಾರ' ಎಂದು ಬರೆಸಿದ್ದೇನೆ. ಉದ್ದವಾಯಿತು, ಆದರೆ ಸಂಘಟನೆಯ ಕಾವಲುಗಾರರಿಗೆ ಓದಿ ಹೇಳಿದಾಗ ಅವರು ಕಿಟ್ಟಿನ ಮಾತೆತ್ತಲಿಲ್ಲ; 'ಮಾಲೀಕ ಕೊಡದಿದ್ದರೆ ಯಾರ ಹತ್ತಿರ ಹೋಗಬೇಕು?' ಎಂದರು. ಅರ್ಜಿ ಹಾಕುವ ಬಗೆಯನ್ನು ಕೆಳಗಿನ ಸಾಲಿನಲ್ಲಿ ಸೇರಿಸಿದ್ದೇನೆ. ಒಳಪುಟಗಳಲ್ಲಿ 'ಆಕಸ್ಮಿಕ', 'ವಂತಿಗೆ', 'ವಿಮೆ' ಉಳಿದಿವೆ, 'ಮತ್ತು' ದಪ್ಪವಾಗಿದೆ.

* * *

(ಮಂಡ್ಯದಿಂದ)

'ನಷ್ಟ'ವೂ ಸಂಸ್ಕೃತವೇ. ಇರಲಿ, ಅಚ್ಚಾಗಲಿ.